ಇಂಟರ್‌ಫೇಸ್ ಸರಿಯಾಗೇ ಇತ್ತು, ಕುಂಯ್‌ಗುಡುತ್ತಿದ್ದದ್ದು ಬೇರೆ

ಹೋಯಿತು. ಸ್ಪೀಕರಿನ ಆ ‘ಕುಂಯ್’ ಸದ್ದು ಕೊನೆಗೂ ಹೋಯಿತು. ನಿನ್ನೆ ರಾತ್ರಿ ವಾಲ್ಯೂಮ್ ಪೂರ್ತಿ ಏರಿಸಿ, ಟ್ವೀಟರಿಗೆ (ಸ್ಪೀಕರಿನಲ್ಲಿ ಚೂಪು ದನಿ ಹೊರಡಿಸುವ ಭಾಗ) ಕಿವಿ ಹಚ್ಚಿ ಕೂತೆ. ಮಾಮೂಲಿ ಸಣ್ಣ ‘ಸ್ಸ್’ ಬಿಟ್ಟರೆ ಏನೂ ಇಲ್ಲ. ಮೌಸ್ ಅಲ್ಲಾಡಿಸಿದೆ. ಚಾರ್ಜರ್ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಊಹೂಂ. ಸಂತೋಷ ತಡೆಯಲಾರದೆ ಅತ್ತಿಗೆಯನ್ನು ಕರೆದೆ. ಅವರು ಬಂದು ಒಂದು ನಿಮಿಷ ನಿಂತು, “ಏನೂ ಕೇಳಿಸ್ತಾನೇ ಇಲ್ವಲ್ಲೋ” ಅಂದರು. ಅದೇ ಬೇಕಿತ್ತು ಅತ್ತಿಗೆ, ಅದೇ.

ಹೊಸಬರಿಗೆ ಒಂದು ಮಾತು. ನಮ್ಮ ಅತ್ತಿಗೆಯ ವೀಣೆಯನ್ನು ಮನೆಯಲ್ಲೇ, ಕಡಿಮೆ ಖರ್ಚಿನಲ್ಲಿ, ನಾಲ್ಕು ಜನ ಕೇಳುವ ಹಾಗೆ ರೆಕಾರ್ಡ್ ಮಾಡಬೇಕು ಅನ್ನುವುದು ಈ ಯೋಜನೆ. ಗೋಡೆಗೆ ರಜಾಯಿ ತೂಗು ಹಾಕಿದ್ದು, ರೆಕಾರ್ಡಿಂಗ್ ತಂತ್ರಾಂಶ ರೀಪರ್‌ನಲ್ಲಿ ಟೆಂಪ್ಲೇಟ್ ಮಾಡಿದ್ದು, ಕುಕ್ಕರ್ ಸೀಟಿಗೂ ಟೇಕ್‌ಗೂ ವೇಳಾಪಟ್ಟಿ ಹೊಂದಿಸಿದ್ದು, ಇವೆಲ್ಲ ನೀವೂ ಮಾಡಿರುತ್ತೀರಿ. ಬಿಡಿ.

ಇಂಟರ್‌ಫೇಸ್, ಅಂದರೆ ಮೈಕಿನ ಸದ್ದನ್ನು ಕಂಪ್ಯೂಟರಿಗೂ ಕಂಪ್ಯೂಟರಿನ ಸದ್ದನ್ನು ಸ್ಪೀಕರಿಗೂ ಮುಟ್ಟಿಸುವ ಡಬ್ಬಿ, ಅದನ್ನು ಆರಿಸಿದ ಕಥೆ ಮೊದಲು ಮುಗಿಸಿಬಿಡುತ್ತೇನೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 192 ಕಿಲೋಹರ್ಟ್ಜ್ ಅಂತ ಬರೆದಿರುತ್ತಾರಲ್ಲ (ಸದ್ದನ್ನು ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆಯುತ್ತದೆ ಅನ್ನುವ ಲೆಕ್ಕ), ಅದಕ್ಕೆ ಮರುಳಾಗಬೇಡಿ. 48 ಕಿಲೋಹರ್ಟ್ಜ್‌ನಲ್ಲಿ ರೆಕಾರ್ಡ್ ಮಾಡಿದರೂ 24 ಕಿಲೋಹರ್ಟ್ಜ್ ಹತ್ತಿರದವರೆಗಿನ ಸದ್ದು ಸಿಗುತ್ತದೆ. ಮನುಷ್ಯನ ಕಿವಿ 20 ದಾಟುವುದಿಲ್ಲ. ನನ್ನ ವಯಸ್ಸಿನವರ ಕಿವಿ 14ಕ್ಕೆ ಹೋದರೆ ಆರತಿ ಎತ್ತಬೇಕು. ಪ್ರತಿ ಅಳತೆಯ ನಿಖರತೆಗೆ 24 ಬಿಟ್ ಬೇಕು, ನಿಜ. ಆದರೆ ಈಗ ಬಹುತೇಕ ಎಲ್ಲದರಲ್ಲೂ ಅದಿದೆ.

ನೋಡಬೇಕಾದ್ದು ಗೇನ್, ಅಂದರೆ ಮೈಕಿನ ಸಣ್ಣ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬಲ್ಲದು ಅನ್ನುವುದು. ಎಷ್ಟು ಗೇನ್ ಬೇಕು ಅಂತ ತೀರ್ಮಾನಿಸುವುದು ಮೈಕ್. ಶೂರ್ ಎಸ್‌ಎಂ57 ಡೈನಮಿಕ್ ಮೈಕ್ ಒಂದು ಪಾಸ್ಕಲ್ ಒತ್ತಡಕ್ಕೆ ಸುಮಾರು 1.6 ಮಿಲಿವೋಲ್ಟ್ ಕೊಡುತ್ತದೆ. ಆಡಿಯೋ ಟೆಕ್ನಿಕಾ ಎಟಿ2020 ಕಂಡೆನ್ಸರ್ ಮೈಕ್ ಅದೇ ಒತ್ತಡಕ್ಕೆ ಸುಮಾರು 14 ಮಿಲಿವೋಲ್ಟ್. ಹತ್ತಿರ ಹತ್ತಿರ 19 ಡೆಸಿಬಲ್ ವ್ಯತ್ಯಾಸ! ವೀಣೆ ಮೊದಲೇ ಮೆತ್ತಗಿನ ವಾದ್ಯ. ಅರ್ಧ ಮೀಟರ್ ದೂರದಲ್ಲಿ 57 ಇಟ್ಟರೆ ಅಗ್ಗದ ಪ್ರೀಆಂಪಿನ (ಇಂಟರ್‌ಫೇಸಿನೊಳಗೆ ಮೈಕ್ ಸಿಗ್ನಲ್ ಹಿಗ್ಗಿಸುವ ಭಾಗ) ಗೇನ್ ನಾಬ್ ಕೊನೆ ಮುಟ್ಟುತ್ತದೆ, ಆ ಕೊನೆಯಲ್ಲಿ ಇರುವುದು ಬರೀ ಹಿಸ್. ಪಾಡ್‌ಕಾಸ್ಟ್ ನೋಡಿ ಎಸ್‌ಎಂ7ಬಿ ಮೈಕ್ ಕೊಂಡವರು ಆಮೇಲೆ ಕ್ಲೌಡ್‌ಲಿಫ್ಟರ್ ಅನ್ನುವ ಹೆಚ್ಚುವರಿ ಗೇನ್ ಡಬ್ಬಿ ಹುಡುಕಿಕೊಂಡು ಅಲೆಯುವುದು ಇದಕ್ಕೇ, ಆ ಮೈಕ್ 57ಗಿಂತಲೂ ಕಡಿಮೆ ಕೊಡುತ್ತದೆ. ಸ್ಕಾರ್ಲೆಟ್ 2ಐ2 ಇಂಟರ್‌ಫೇಸಿನ ಮೂರನೇ ತಲೆಮಾರಿನಲ್ಲಿ 56 ಡೆಸಿಬಲ್ ಗೇನ್ ಇತ್ತು. 2023ರಲ್ಲಿ ಬಂದ ನಾಲ್ಕನೆಯದರಲ್ಲಿ 69ಕ್ಕೆ ಏರಿಸಿದರು. ಒಳ್ಳೆಯದೇ ಆಯಿತು, ಆದರೆ ಅದು ನನ್ನ ಹತ್ತು ಸಾವಿರದ ಮಿತಿಯೊಳಗೆ ಬರುವ ಮಾತಲ್ಲ. ನನ್ನ ಹತ್ತಿರ ಇದ್ದದ್ದು ಕಂಡೆನ್ಸರ್ ಮೈಕ್. ಅಷ್ಟು ಗೇನಿನ ಅಗತ್ಯವೇ ಇರಲಿಲ್ಲ. ಆದ್ದರಿಂದ ನನ್ನ ಸಲಹೆ ಇಷ್ಟೇ: ಮೊದಲು ಮೈಕ್ ತೀರ್ಮಾನ ಮಾಡಿ, ಆಮೇಲೆ ಇಂಟರ್‌ಫೇಸಿಗೆ ಬನ್ನಿ. ತಿರುಗಾಮುರುಗಾ ಹೋದರೆ ದುಡ್ಡು ದಂಡ.

ಕೊನೆಗೆ ಉಳಿದದ್ದು ಬೆಹ್ರಿಂಗರ್ ಯುಎಂಸಿ22 ಮತ್ತು ಯುಎಂಸಿ202ಎಚ್‌ಡಿ. 22ರಲ್ಲಿ ಮೈಕಿಗೆ ಇರುವುದು ಒಂದೇ ಪ್ರೀಆಂಪ್, ಮತ್ತೆ ಡ್ರೈವರ್ ವಿಷಯಕ್ಕೆ ಎಎಸ್‌ಐಒ4ಆಲ್ ಅನ್ನುವ ಬೇರೆಯವರ ಡ್ರೈವರಿನ ಕಾಲು ಹಿಡಿಯಬೇಕು. 202ರಲ್ಲಿ ಎರಡು ಪ್ರೀಆಂಪ್, ಸ್ವಂತ ಡ್ರೈವರ್, ಪ್ರತಿ ಚಾನೆಲ್ಲಿಗೂ ಲೈನ್/ಇನ್‌ಸ್ಟ್ರುಮೆಂಟ್ ಬಟನ್. ಒಂದರಲ್ಲಿ ಮೈಕ್, ಇನ್ನೊಂದರಲ್ಲಿ ಮುಂದೆ ಪೀಜೋ (ವೀಣೆಯ ಮೈಗೆ ಅಂಟಿಸಿ ಅದರ ಕಂಪನ ಹಿಡಿಯುವ ಬಿಲ್ಲೆ) ಅಂತ ಲೆಕ್ಕ ಹಾಕಿ 202 ತಗೊಂಡೆ. ಲೇಟೆನ್ಸಿ (ನುಡಿಸಿದ್ದು ಹೆಡ್‌ಫೋನಿಗೆ ಬರಲು ಆಗುವ ತಡ) ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ವೀಣೆ ನುಡಿಸುವವರು ತಮ್ಮ ವೀಣೆಯನ್ನು ಹೆಡ್‌ಫೋನಿನಲ್ಲಿ ಯಾಕೆ ಕೇಳಬೇಕು? ತಂಬೂರಿ ಶ್ರುತಿ ಒಂದು ಕಿವಿಗೆ ಬಿದ್ದರೆ ಸಾಕು.

ರೆಕಾರ್ಡಿಂಗ್ ಚೆನ್ನಾಗೇ ಬಂತು. ಹೆಡ್‌ಫೋನಿನಲ್ಲಿ ಸಾರಣಿ ತಂತಿಯ ಗಮಕ ಉಗುರಿನ ಸದ್ದಿನ ಸಮೇತ ಕೇಳಿತು. ಅದನ್ನೇ ಸ್ಪೀಕರಿನಲ್ಲಿ ಹಾಕಿದೆ ನೋಡಿ, ಶುರುವಾಯಿತು.

ಸಣ್ಣಗೆ, ಚೂಪಾಗಿ, ಕಿವಿ ಒಳಗೆ ಸೂಜಿ ಆಡಿಸುವ ಕುಂಯ್. ಮೌಸ್ ಸರಿಸಿದರೆ ದನಿ ಬದಲಾಗುತ್ತದೆ. ಪುಟ ಸ್ಕ್ರೋಲ್ ಮಾಡಿದರೆ ‘ಚಿರ್ರ್’ ಅನ್ನುತ್ತದೆ. ರೀಪರಿನಲ್ಲಿ ವೇವ್‌ಫಾರ್ಮ್ ಜೂಮ್ ಮಾಡಿದರೆ ಇನ್ನೊಂದು ರಾಗ. ಹೆಡ್‌ಫೋನಿನಲ್ಲಿ ಇಲ್ಲ. ರೆಕಾರ್ಡ್ ಆದ ಫೈಲಿನಲ್ಲಿ ಇಲ್ಲ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುವಾಗ ಸ್ಪೀಕರಿನಲ್ಲೂ ಇಲ್ಲ. ಚಾರ್ಜರ್ ಸಿಕ್ಕಿಸಿದ ಕೂಡಲೇ ಹಾಜರ್.

ಸ್ಪೀಕರಿನ ಮುಂದೆ ಮೈಕ್ ಇಟ್ಟು ಆ ಸದ್ದನ್ನೇ ರೆಕಾರ್ಡ್ ಮಾಡಿ, ಆಡಾಸಿಟಿ ತಂತ್ರಾಂಶದಲ್ಲಿ ಸ್ಪೆಕ್ಟ್ರಮ್ (ಯಾವ ಹರ್ಟ್ಜ್‌ನಲ್ಲಿ ಎಷ್ಟು ಸದ್ದು ಅನ್ನುವ ಚಿತ್ರ) ತೆಗೆದೆ. ಕರೆಂಟಿನ ಹಮ್ ಆಗಿದ್ದರೆ 50, 100, 150 ಹರ್ಟ್ಜ್‌ನಲ್ಲಿ ದಿಬ್ಬ ಕಾಣಬೇಕಿತ್ತು. ಅಲ್ಲಿ ಹೆಚ್ಚೇನೂ ಇಲ್ಲ. ಸರಿಯಾಗಿ 1 ಕಿಲೋಹರ್ಟ್ಜ್‌ನಲ್ಲಿ ಒಂದು ಮುಳ್ಳು, 2ರಲ್ಲಿ ಒಂದು, 3ರಲ್ಲಿ ಒಂದು. 8ರಲ್ಲಿ ಎಲ್ಲಕ್ಕಿಂತ ದೊಡ್ಡದು. ಈ ಅಂಕಿ ನೋಡಿದ ಕೂಡಲೇ ಕಳ್ಳನ ಮನೆ ಗೊತ್ತಾಯಿತು. ಯುಎಸ್‌ಬಿ ಫುಲ್ ಸ್ಪೀಡ್‌ನಲ್ಲಿ ಮಿಲಿಸೆಕೆಂಡಿಗೊಂದು ಫ್ರೇಮ್ ಹೋಗುತ್ತದೆ, ಅಂದರೆ ಸೆಕೆಂಡಿಗೆ 1000. ಹೈ ಸ್ಪೀಡ್‌ನಲ್ಲಿ 125 ಮೈಕ್ರೋಸೆಕೆಂಡಿಗೊಂದು ಮೈಕ್ರೋಫ್ರೇಮ್, ಅಂದರೆ 8000. ಲ್ಯಾಪ್‌ಟಾಪ್ ಒಳಗಿನ ಯುಎಸ್‌ಬಿ ಸಂಚಾರ ನನ್ನ ಸ್ಪೀಕರಿನಲ್ಲಿ ಕಚೇರಿ ಕೊಡುತ್ತಿದೆ.

ದಾರಿ ಯಾವುದು? ಚಾರ್ಜರಿಗೆ ಮೂರು ಪಿನ್. ಸ್ಪೀಕರಿಗೂ ಮೂರು ಪಿನ್. ಗೋಡೆಯ ಅರ್ತ್‌ನಿಂದ ಚಾರ್ಜರ್, ಲ್ಯಾಪ್‌ಟಾಪ್, ಯುಎಸ್‌ಬಿ ವೈರಿನ ಗ್ರೌಂಡ್, ಇಂಟರ್‌ಫೇಸ್, ಆಡಿಯೋ ಕೇಬಲ್ಲಿನ ಶೀಲ್ಡ್ (ಒಳವೈರಿನ ಸುತ್ತಲ ತಾಮ್ರದ ಹೊದಿಕೆ), ಸ್ಪೀಕರ್, ಮತ್ತೆ ಗೋಡೆಯ ಅರ್ತ್. ಸುತ್ತು ಪೂರ್ತಿಯಾಯಿತು. ಮಾಮೂಲಿ ಟಿಎಸ್ ಕೇಬಲ್ಲಿನಲ್ಲಿ (ಪ್ಲಗ್ಗಿನ ತುದಿ ಟಿಪ್, ಬುಡ ಸ್ಲೀವ್, ಎರಡೇ ಸಂಪರ್ಕ) ಶೀಲ್ಡೇ ಸಿಗ್ನಲ್ ವಾಪಸ್ ಬರುವ ದಾರಿಯೂ ಹೌದು. ಅದರ ಮೇಲೆ ಗಲೀಜು ಕರೆಂಟ್ ಹರಿದರೆ ಸ್ಪೀಕರಿಗೆ ಅದೂ ಸಂಗೀತವೇ. ಬ್ಯಾಟರಿಯಲ್ಲಿ ಸುತ್ತು ತುಂಡಾಗುತ್ತದೆ, ಸದ್ದು ನಿಲ್ಲುತ್ತದೆ. ಎಲ್ಲ ತಾಳೆಯಾಯಿತು.

ಪರಿಹಾರವೂ ಪುಸ್ತಕದಲ್ಲಿ ಇರುವುದೇ. ಬ್ಯಾಲೆನ್ಸ್ಡ್ ಕೇಬಲ್ ಹಾಕಿ, ಅಂದರೆ ಟಿಪ್ ಮತ್ತು ಸ್ಲೀವ್ ನಡುವೆ ರಿಂಗ್ ಅನ್ನುವ ಮೂರನೇ ಸಂಪರ್ಕವೂ ಇರುವ ಟಿಆರ್‌ಎಸ್. ಟಿಪ್ ಮತ್ತು ರಿಂಗ್ ನಡುವಿನ ವ್ಯತ್ಯಾಸವನ್ನಷ್ಟೇ ಸ್ಪೀಕರ್ ಕೇಳುತ್ತದೆ, ಶೀಲ್ಡ್ ಮೇಲೆ ಏನು ಹರಿದರೂ ಕ್ಯಾರೇ ಅನ್ನುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಟಿಆರ್‌ಎಸ್‌ನಿಂದ ಟಿಆರ್‌ಎಸ್ ಕೇಬಲ್ ಒಂದು ಜೊತೆ ತಂದೆ. ಕಪ್ಪು ಬಲೆಯ ಹೊದಿಕೆ, ಬಂಗಾರದ ಬಣ್ಣದ ಪ್ಲಗ್. ಮದುವೆ ಮನೆಗೆ ಹೊರಟ ಹಾಗಿತ್ತು ಅದರ ಅಲಂಕಾರ. ಹಾಕಿದೆ.

ಕುಂಯ್.

ಅಲ್ಲಿಂದ ನನ್ನ ವಾರಾಂತ್ಯಗಳು ಹಾಳಾದವು. ಥಿಯರಿ ಸರಿ ಇದೆ, ಕೇಬಲ್ ಬದಲಾಗಿದೆ, ಸದ್ದು ಹಾಗೇ ಇದೆ. ಬೇರೆ ಯುಎಸ್‌ಬಿ ಪೋರ್ಟ್ ನೋಡಿದೆ. ಯುಎಸ್‌ಬಿ ವೈರಿಗೆ ಗದ್ದಲ ತಡೆಯುವ ಫೆರೈಟ್ ಮಣಿ ಹಾಕಿದೆ. ಲ್ಯಾಪ್‌ಟಾಪ್, ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆ, ಚೂರು ಕಡಿಮೆಯಾಯಿತು, ಹೋಗಲಿಲ್ಲ. ಮನೆಯ ಅರ್ತಿಂಗ್ ಮೇಲೆ ಅನುಮಾನ ಬಂತು. ಮಲ್ಟಿಮೀಟರ್ ಇಟ್ಟು ಫೇಸ್ ಮತ್ತು ಅರ್ತ್ ನಡುವೆ ನೋಡಿದರೆ ಸುಮಾರು 230 ವೋಲ್ಟ್, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟ್. ಮೀಟರ್ ಒಂದನ್ನೇ ನಂಬಬಾರದು ಅಂತ ಫೇಸ್ ಮತ್ತು ಅರ್ತ್ ನಡುವೆ ಎಲೆಕ್ಟ್ರಿಷಿಯನ್ ಕೈಯಲ್ಲಿ 100 ವಾಟಿನ ಬಲ್ಬನ್ನೂ ಹಾಕಿಸಿ ನೋಡಿದೆ, ಜೋರಾಗೇ ಉರಿಯಿತು. ಭೂತಾಯಿ ನಿರಪರಾಧಿ. ನಡುವೆ ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ಕುಂಯ್ ಜೊತೆಗೆ ಒಂದು ‘ಬರ್ರ್’ ಸೇರಿ ಜುಗಲ್‌ಬಂದಿ ಆಯಿತು. ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಕೃಪೆ. ಅದರ ಜಗಳ ಬೇರೆ, ಇನ್ನೊಂದು ದಿನ ಇಟ್ಟುಕೊಳ್ಳೋಣ.

ಈ ಹಂತದಲ್ಲಿ ಸಿಗುವ ಸಲಹೆ ನಿಮಗೂ ಗೊತ್ತು. “ಸ್ಪೀಕರಿನ ಮೂರನೇ ಪಿನ್ ಕಿತ್ತು ಹಾಕಿ ಗುರು, ಸೈಲೆಂಟ್ ಆಗುತ್ತೆ.” ಆಗುತ್ತದೆ, ಸುಳ್ಳಲ್ಲ. ಸುತ್ತು ತುಂಡಾಗುತ್ತದಲ್ಲ. ಆದರೆ ಸ್ಪೀಕರ್ ಒಳಗೆ ಒಂದು ವೈರ್ ಸಡಿಲಾಗಿ ಕಬ್ಬಿಣದ ಬೆನ್ನಿಗೆ ತಾಗಿದರೆ, ಫ್ಯೂಸ್ ಹಾರಿಸಬೇಕಾದ ಕರೆಂಟ್ ಮುಟ್ಟಿದವರ ಮೈಯಲ್ಲಿ ಹರಿಯುತ್ತದೆ. ಸ್ಪೀಕರ್ ಕುಂಯ್ ಅನ್ನುವುದು ನಿಂತು ನಾವು ಅಯ್ಯೋ ಅನ್ನುವುದು ಶುರುವಾಗುತ್ತದೆ. ಅದೂ ಪಕ್ಕದಲ್ಲಿ ಲೋಹದ ತಂತಿಯ ವೀಣೆ ಹಿಡಿದು ಕೂತ ಅತ್ತಿಗೆ. ಬೇಡವೇ ಬೇಡ.

ಗುಟ್ಟು ಬಿಟ್ಟುಕೊಟ್ಟದ್ದು ಮಲ್ಟಿಮೀಟರಿನ ಬೀಪ್. ಬೇರೇನೂ ಉಳಿದಿಲ್ಲ ಅಂತ ಸುಮ್ನೆ ಹೊಸ ಕೇಬಲ್ಲಿನ ಎರಡು ತುದಿಗೆ ಮೀಟರ್ ಹಿಡಿದೆ. ಟಿಪ್‌ನಿಂದ ಟಿಪ್‌ಗೆ ಬೀಪ್. ಸ್ಲೀವ್‌ನಿಂದ ಸ್ಲೀವ್‌ಗೆ ಬೀಪ್. ರಿಂಗ್‌ನಿಂದ ರಿಂಗ್‌ಗೆ ಮೌನ. ಇನ್ನೊಂದು ಕೇಬಲ್, ಅಲ್ಲೂ ಮೌನ. ಪ್ಲಗ್ಗಿನ ಕೊಳವೆ ತಿರುಗಿಸಿ ಬಿಚ್ಚಿದೆ. ಒಳಗೆ ಒಂದು ಕೆಂಪು ವೈರ್ ಟಿಪ್ಪಿಗೆ. ಹೊಸೆದ ತಾಮ್ರದ ಶೀಲ್ಡ್ ಸ್ಲೀವಿಗೆ, ಅದೂ ತಣ್ಣನೆ ಬೆಸುಗೆ, ಉಗುರು ತಾಗಿಸಿದರೆ ಅಲ್ಲಾಡುತ್ತದೆ. ನಡುವೆ ರಿಂಗಿನ ಕಿವಿ, ಫ್ಯಾಕ್ಟರಿಯಿಂದ ಬಂದ ಹಾಗೇ ಫಳಫಳ ಹೊಳೆಯುತ್ತಿದೆ. ಸೀಸ ಸೋಕಿದ ಗುರುತೂ ಇಲ್ಲ. ಕೇಬಲ್ ಕತ್ತರಿಸಿ ನೋಡಿದೆ, ಎರಡನೇ ವೈರ್ ಇದ್ದರೆ ತಾನೇ ಬೆಸೆಯುವುದು? ಒಂದೇ ಕೋರ್. ಟಿಆರ್‌ಎಸ್ ವೇಷ ಹಾಕಿದ ಟಿಎಸ್ ಕೇಬಲ್.

ವಾಪಸ್ ಅಂಗಡಿಗೆ ಹೋದೆ. ಅಂಗಡಿಯವರು ಪ್ಲಗ್ಗನ್ನು ಬೆಳಕಿಗೆ ಹಿಡಿದು, “ಎರಡು ಗೆರೆ ಇದೆಯಲ್ಲ ಸಾರ್, ಇದು ಸ್ಟೀರಿಯೋನೇ” ಅಂದರು. ಗೆರೆ ಇದೆ ಸಾರ್, ವೈರ್ ಇಲ್ಲ ಅಂದೆ. “ಎಲ್ರೂ ಇದೇ ತಗೊಂಡ್ ಹೋಗ್ತಾರೆ, ಯಾರೂ ಬಿಚ್ಚಿ ನೋಡಲ್ಲ” ಅಂದರು. ಅದಂತೂ ನೂರಕ್ಕೆ ನೂರು ನಿಜ. ಕತ್ತರಿಸಿದ ಕೇಬಲ್ ವಾಪಸ್ ಇಲ್ಲವಂತೆ. ಕತ್ತರಿಸದೆ ಗೊತ್ತಾಗುವುದು ಹೇಗೆ ಸ್ವಾಮಿ?

ಪಕ್ಕದ ಅಂಗಡಿಯಲ್ಲಿ ಎರಡು ಕೋರಿನ ಶೀಲ್ಡ್ ಇರುವ ಮೈಕ್ ಕೇಬಲ್ಲನ್ನು ಮೀಟರ್ ಲೆಕ್ಕದಲ್ಲಿ ಅಳೆಸಿಕೊಂಡೆ. ಅಲ್ಲೇ ತುದಿ ಸುಲಿಸಿ ಎರಡು ಕೋರ್ ಎಣಿಸಿಯೇ ದುಡ್ಡು ಕೊಟ್ಟಿದ್ದು. ಹಳೆಯ ಪ್ಲಗ್‌ಗಳನ್ನೇ ಬಿಚ್ಚಿ, ಮೂರೂ ಕಡೆ ನಾನೇ ಬೆಸೆದೆ. ಹಾಕಿದೆ. ಆ ಮೊದಲ ಪ್ಯಾರಾ ಆಯಿತಲ್ಲ, ಅದು ಇದೇ. ಒಟ್ಟಿನಲ್ಲಿ ಅಗ್ಗದ ಇಂಟರ್‌ಫೇಸಿನಲ್ಲಿ ಗದ್ದಲ ಜಾಸ್ತಿ ಅಂತ ದುಬಾರಿಯದಕ್ಕೆ ಕೈ ಹಾಕುವ ಮುಂಚೆ ಹೀಗೆ ನೋಡಿ: ಬ್ಯಾಟರಿಯಲ್ಲಿ ಓಡಿಸಿ, ಹೆಡ್‌ಫೋನಿನಲ್ಲಿ ಕೇಳಿ, ಕೇಬಲ್ಲಿಗೆ ಮೀಟರ್ ಹಿಡಿಯಿರಿ. ದುಬಾರಿ ಇಂಟರ್‌ಫೇಸೂ ಯುಎಸ್‌ಬಿಯಿಂದಲೇ ಕರೆಂಟ್ ಕುಡಿಯುತ್ತಿದ್ದರೆ, ಈ ಕೇಬಲ್ಲಿನಲ್ಲಿ ಅದೂ ಕುಂಯ್ ಅನ್ನುತ್ತಿತ್ತು.

ಈಗ ಎರಡನೇ ಚಾನೆಲ್ ಖಾಲಿ ಇದೆಯಲ್ಲ, ತಲೆ ಸುಮ್ಮನಿರುತ್ತದೆಯೇ? ಮುಂದಿನದು ಪೀಜೋ. ಹತ್ತಿಪ್ಪತ್ತು ರೂಪಾಯಿಗೆ ಸಿಗುವ 27 ಮಿಲಿಮೀಟರಿನ ಹಿತ್ತಾಳೆ ಬಿಲ್ಲೆಯನ್ನು ವೀಣೆಯ ಕುದುರೆಯ (ತಂತಿಗಳನ್ನು ಹೊತ್ತ ಸೇತುವೆ) ಪಕ್ಕದಲ್ಲಿ ಅಂಟಿಸಿದರೆ ಆಟೋ, ನಾಯಿ, ತರಕಾರಿಯವರ ಕೂಗು ಯಾವುದೂ ಬರುವುದಿಲ್ಲ. ಬಿಲ್ಲೆಯ ಕೆಪಾಸಿಟೆನ್ಸ್ ಸುಮಾರು 20 ನ್ಯಾನೋಫ್ಯಾರಡ್. 10 ಕಿಲೋಓಮ್ ಲೈನ್ ಇನ್‌ಪುಟ್ಟಿಗೆ ಹಾಕಿದರೆ ಸುಮಾರು 800 ಹರ್ಟ್ಜ್‌ನಿಂದ ಕೆಳಗಿನದೆಲ್ಲ ಸೋರಿ ಹೋಗುತ್ತದೆ. ಅನುಮಂದ್ರ ತಂತಿಯ ಮೂಲ ಸ್ವರ 100 ಹರ್ಟ್ಜ್‌ಗೂ ಕೆಳಗೆ, ಅದು ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. 1 ಮೆಗಾಓಮ್ ಇನ್‌ಸ್ಟ್ರುಮೆಂಟ್ ಇನ್‌ಪುಟ್ಟಿಗೆ ಹಾಕಿದರೆ ಕಡಿತ 8 ಹರ್ಟ್ಜ್‌ಗೆ ಇಳಿಯುತ್ತದೆ. ಬಟನ್ ಒತ್ತಿದರೆ ಕೆಲಸ ಆಯಿತು ಅನ್ನಬಹುದು. ಆದರೆ ಅಷ್ಟು ಹೆಚ್ಚಿನ ಇಂಪಿಡೆನ್ಸಿನಲ್ಲಿ (ಓಮ್ ಲೆಕ್ಕದ ತಡೆ) ಉದ್ದ ಕೇಬಲ್ ಎಳೆದರೆ 50 ಹರ್ಟ್ಜ್ ಹಮ್ ತಾನಾಗೇ ಒಳಗೆ ಬರುತ್ತದೆ. ಫಿಲ್ಟರ್ ಹಾಕಿ ಅದನ್ನು ಕತ್ತರಿಸಲು ಹೋದರೆ ಅದರ ಮರಿಗಳು 100, 150ರಲ್ಲಿ ಇರುತ್ತವೆ, ಮಂದ್ರದ ಸ್ವರಗಳು ಓಡಾಡುವ ಬೀದಿಯಲ್ಲೇ.

ಹಾಗಾಗಿ ವೀಣೆಯ ಪಕ್ಕದಲ್ಲೇ ಸಿಗ್ನಲ್ಲನ್ನು ಉದ್ದ ಕೇಬಲ್ಲಿಗೆ ಸಜ್ಜು ಮಾಡುವ ಒಂದು ಬಫರ್ ಡಬ್ಬಿ ಬೇಕು. ಅದಕ್ಕೆ ಜೆ201 ಎಫ್‌ಇಟಿ (ಒಂದು ಬಗೆಯ ಟ್ರಾನ್ಸಿಸ್ಟರ್) ಹಾಕೋಣ ಅಂದುಕೊಂಡಿದ್ದೆ. ತರಿಸಿದ ಜೆ201ಗಳನ್ನು ಬಿಡಿಭಾಗ ಗುರುತಿಸುವ ಟೆಸ್ಟರಿಗೆ ಹಾಕಿದರೆ ಒಂದು ಮಾಮೂಲಿ ಎನ್‌ಪಿಎನ್ ಟ್ರಾನ್ಸಿಸ್ಟರ್ ಅಂತ ತೋರಿಸಿತು, ಮೇಲೆ ಅಚ್ಚು ಮಾತ್ರ ಚೆಂದ. ಸಾಕಪ್ಪಾ ಅಂತ ಟಿಎಲ್072 ಆಪ್‌ಆಂಪ್ ಚಿಪ್ಪಿಗೆ ಬಂದಿದ್ದೇನೆ. 9 ವೋಲ್ಟ್ ಬ್ಯಾಟರಿ, 4.5 ವೋಲ್ಟಿನ ಬಯಾಸ್, ಇನ್‌ಪುಟ್ಟಿಗೆ 10 ಮೆಗಾಓಮ್, ತಗಡಿನ ಡಬ್ಬಿ. ಬ್ಯಾಟರಿ ಉಳಿಸಲು ಗಿಟಾರ್ ಪೆಡಲಿನವರ ಹಳೆಯ ಉಪಾಯ: ಸ್ಟೀರಿಯೋ ಜಾಕಿನ ರಿಂಗಿಗೆ ಬ್ಯಾಟರಿಯ ಮೈನಸ್, ಮೋನೋ ಪ್ಲಗ್ ಸಿಕ್ಕಿಸಿದಾಗ ಮಾತ್ರ ಸರ್ಕ್ಯೂಟ್ ಕೂಡುತ್ತದೆ. ಆ ನಕಲಿ ಕೇಬಲ್ ಕತ್ತರಿಸದೆ ಇಟ್ಟಿದ್ದರೂ ಇದಕ್ಕೆ ಬರುತ್ತಿರಲಿಲ್ಲ, ಅದರ ರಿಂಗ್ ಅಂತರದಲ್ಲಿ ತೇಲುತ್ತಿತ್ತಲ್ಲ.

ಉಳಿದಿರುವ ತೊಡಕು ಒಂದೇ, ಬಿಲ್ಲೆ ಅಂಟಿಸುವುದು. ಅತ್ತಿಗೆ ಮೊದಲೇ ಹೇಳಿಬಿಟ್ಟಿದ್ದಾರೆ: “ನನ್ನ ವೀಣೆಗೆ ಅಂಟು ಗಿಂಟು ಅಂತ ಬಂದ್ರೆ, ಅವತ್ತು ಊಟ ಹೋಟೆಲಲ್ಲಿ ನೋಡ್ಕೋ.” ಮೆಟ್ಟಿಲು ಕೂರಿಸುವ ಮೇಣದಲ್ಲೇ ಸ್ವಲ್ಪ ಕೇಳಿ ನೋಡಬೇಕು. ಅದಾದರೆ ಬೇಕೆಂದಾಗ ತೆಗೆಯಬಹುದು. ಬ್ಲೂಟ್ಯಾಕ್ (ಅಂಟಿಸಿ ಕೀಳಬಹುದಾದ ಮೆತ್ತನೆ ಅಂಟು) ಯಾರಾದರೂ ಹಾಕಿ ನೋಡಿದ್ದರೆ, ಪಾಲಿಶ್ ಮೇಲೆ ಎಣ್ಣೆ ಕಲೆ ಉಳಿಯುತ್ತದಾ ಅಂತ ದಯವಿಟ್ಟು ಮೊದಲೇ ಹೇಳಿಬಿಡಿ.