ನಾಲ್ಕನೇ ಅಧ್ಯಾಯ

ಅಕ್ಕನ ಮಗಳು ಇವತ್ತು ತನ್ನ ಪಿಎಚ್‌ಡಿ ಥೀಸಿಸ್ ತಂದು ಕೈಗಿಟ್ಟಳು. ಕೆಂಪು ರಟ್ಟು, ಚಿನ್ನದ ಅಕ್ಷರ.

ಖುಷಿಯಿಂದ ತಿರುವಿದೆ. ನಾಲ್ಕನೇ ಅಧ್ಯಾಯದ ಜಾಗದಲ್ಲಿ ಒಂದು ಬಿಳಿ ಹಾಳೆ. ನಡುವೆ ಒಂದೇ ಸಾಲು: 'ಕರಾರಿನ ಪ್ರಕಾರ ಕೈಬಿಡಲಾಗಿದೆ.'

"ದುಡ್ಡು ಕೊಟ್ಟ ಕಂಪನಿಯವರು ಹೊರಗೆ ಬಿಡಬೇಡಿ ಅಂದ್ರು ಚಿಕ್ಕಮ್ಮಾ."

ನಾಲ್ಕು ವರ್ಷ ಬಿಸಿಲಲ್ಲಿ ಹಳ್ಳಿ ಹಳ್ಳಿ ಸುತ್ತಿ, ಬೋರ್‌ವೆಲ್ ನೀರನ್ನು ಬಾಟಲಿಗಳಲ್ಲಿ ತುಂಬಿ ತಂದಿದ್ದು ಆ ಅಧ್ಯಾಯಕ್ಕೇ. ಆ ನೀರು ಕುಡಿಯುವವರಿಗೆ ಅದರಲ್ಲಿ ಏನಿದೆ ಅಂತ ಗೊತ್ತಾಗಬೇಕಲ್ವಾ? ಸಂಕಟವಾಯಿತು.

ಥೀಸಿಸ್‌ಗಳು ಎಲ್ಲರಿಗೂ ಸಿಗಲಿ ಅಂತಲೇ ಶೋಧಗಂಗಾ ಅನ್ನುವ ವೆಬ್‌ಸೈಟ್ ಇರುವುದು. ಸಾಫ್ಟ್ ಕಾಪಿ ಕೊಡಲೇಬೇಕು ಅಂತ ಯುಜಿಸಿ 2009ರಲ್ಲೇ ನಿಯಮ ಮಾಡಿತು. ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು. ನಾನೂ ಎಷ್ಟೋ ರಾತ್ರಿ ಕೂತು ಓದಿದ್ದೇನೆ.

ಇವಳದ್ದೂ ಅಲ್ಲಿಗೆ ಹೋಗುತ್ತದೆ. ಆ ಬಿಳಿ ಹಾಳೆ ಸಮೇತ.