ಬರೀ ಮೆಥನಾಲ್ ಹಾಕಿದ ಗುಂಡಿ

ಸೊಪ್ಪಿನ ಸಾರ ಬ್ಯಾಕ್ಟೀರಿಯಾ ಕೊಲ್ಲುತ್ತದೆಯೇ ಅಂತ ನೋಡುವ ಎಂಎಸ್ಸಿ ಪ್ರಾಜೆಕ್ಟಿಗೆ ನಾನು ದೊಡ್ಡಪತ್ರೆ ಆರಿಸಿಕೊಂಡಿದ್ದಕ್ಕೆ ಘನವಾದ ಕಾರಣವೇನೂ ಇಲ್ಲ, ಹಿತ್ತಲಲ್ಲಿ ಬೇಕಾದಷ್ಟಿತ್ತು. ಆ ದಪ್ಪ ಎಲೆ ನೆರಳಲ್ಲಿ ಒಣಗಲು ಹತ್ತು ದಿನ ಹಿಡಿಯಿತು. ಪುಡಿ ಮಾಡಿ, ಮೆಥನಾಲ್‌ನಲ್ಲಿ ಮೂರು ದಿನ ನೆನೆಸಿ, ಸೋಸಿ, ಮೆಥನಾಲ್ ಪೂರ್ತಿ ಆರುವ ಮುಂಚೆಯೇ ಅವಸರ ಮಾಡಿ, ಬ್ಯಾಕ್ಟೀರಿಯಾ ಹಚ್ಚಿದ ಅಗರ್ (ಅವು ಬೆಳೆಯುವ ಜೆಲ್ಲಿ) ಪ್ಲೇಟಿನಲ್ಲಿ ಕೊರೆದ ಗುಂಡಿಗೆ ಹಾಕಿಬಿಟ್ಟೆ.

ಮರುದಿನ ಇನ್‌ಕ್ಯುಬೇಟರ್ ತೆಗೆದರೆ, ಸ್ಟ್ಯಾಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಹಬ್ಬಿದ್ದ ಅಗರ್ ಮಧ್ಯೆ ನನ್ನ ಗುಂಡಿಯ ಸುತ್ತ ಏನೂ ಬೆಳೆಯದ ಚೊಕ್ಕ ಬಯಲು. ಸ್ಕೇಲ್ ಇಟ್ಟು ಅಳೆದೆ, 14 ಮಿ.ಮೀ. ಫೋಟೋ ತೆಗೆದು ಅಮ್ಮನಿಗೂ ಕಳಿಸಿದೆ. ಗೈಡ್ ಬಂದು ಪ್ಲೇಟ್ ಎತ್ತಿ ನೋಡಿ ಕೇಳಿದ್ದು ಒಂದೇ: "ಬರೀ ಮೆಥನಾಲ್ ಹಾಕಿದ ಗುಂಡಿ ಎಲ್ಲಿ?"

ಇರಲಿಲ್ಲ. ಮತ್ತೆ ಹಾಕಿದೆ. ಬರೀ ಮೆಥನಾಲ್ 12 ಮಿ.ಮೀ. ಬಯಲು ಮಾಡಿತ್ತು! ಸಾರವನ್ನು ಪೂರ್ತಿ ಆರಿಸಿ 10% ಡಿಎಂಎಸ್‌ಒ ಎಂಬ ಇನ್ನೊಂದು ದ್ರಾವಕದಲ್ಲಿ ಕರಗಿಸಿ ಹಾಕಿದಾಗ (ಈ ಸಲ ಬರೀ ಡಿಎಂಎಸ್‌ಒ ಗುಂಡಿ ಮರೆಯಲಿಲ್ಲ) 6 ಮಿ.ಮೀ. ಗುಂಡಿಯೂ ಸೇರಿ 8 ಸಿಕ್ಕಿತು. ಏನೂ ಇಲ್ಲ ಅಂತಲೇ ಲೆಕ್ಕ. ಆಮೇಲೆ ಹೊಳೆಯಿತು, ಎಲೆ ಉಜ್ಜಿದರೆ ಮೂಗಿಗೆ ಹೊಡೆಯುತ್ತದಲ್ಲ ಆ ವಾಸನೆ, ಕಾರ್ವಕ್ರಾಲ್, ಬ್ಯಾಕ್ಟೀರಿಯಾ ಕೊಲ್ಲುವುದು ಹೆಚ್ಚಾಗಿ ಅದೇ, ಗಾಳಿಗೆ ಹಾರಿಹೋಗುವಂಥದ್ದು. ಹತ್ತು ದಿನ ಒಣಗಿಸಿ ನಾನೇ ಅದನ್ನು ಓಡಿಸಿದ್ದೆ.

ಹಾಗಂತ ಸಾರ ಚೆಲ್ಲಲಿಲ್ಲ. ಬಯೋಫಿಲ್ಮ್ ನೋಡುವುದು ಬಾಕಿಯಿತ್ತು. ಬಕೆಟ್ ಒಳಗೆ ಕೈಗೆ ಹತ್ತುವ ಲೋಳೆ ಇದೆಯಲ್ಲ, ಆ ಥರ ಬ್ಯಾಕ್ಟೀರಿಯಾ ಗುಂಪಾಗಿ ಅಂಟಿ ಕೂರುವುದು. ಕೂತ ಮೇಲೆ ಆಂಟಿಬಯೋಟಿಕ್‌ಗೂ ಸುಲಭಕ್ಕೆ ಜಗ್ಗುವುದಿಲ್ಲ. 96 ಗುಂಡಿಯ ಪ್ಲೇಟಲ್ಲಿ, ಬೆಳವಣಿಗೆ ತಡೆಯದಷ್ಟು ಕಡಿಮೆ ಸಾರ ಹಾಕಿ 24 ಗಂಟೆ ಬಿಟ್ಟೆ. ಜಾಸ್ತಿ ಹಾಕಿ ಬ್ಯಾಕ್ಟೀರಿಯಾನೇ ಸತ್ತರೆ ಲೋಳೆ ಎಲ್ಲಿಂದ ಬರಬೇಕು, ಅಲ್ವಾ? ದ್ರವ ಎಷ್ಟು ಮಬ್ಬಾಗಿದೆ ಅಂತ 600 ನ್ಯಾನೋಮೀಟರ್ ಬೆಳಕಿನಲ್ಲಿ ಓದಿದೆ, ಬೆಳವಣಿಗೆ ಎಲ್ಲ ಕಡೆ ಒಂದೇ ಸಮ. ಚೆಲ್ಲಿ, ಮೂರು ಸಲ ತೊಳೆದು, ಅಂಟಿದ ಲೋಳೆಗೆ ಬಣ್ಣ ಹತ್ತಿಸುವ 0.1% ಕ್ರಿಸ್ಟಲ್ ವಯೊಲೆಟ್ ಹಾಕಿ, ಮತ್ತೆ ತೊಳೆದೆ. ಸಾರವಿಲ್ಲದ ಸಾಲು ಕಡುನೇರಳೆ, ಸಾರ ಹಾಕಿದ ಸಾಲು ತಿಳಿನೇರಳೆ. ಸಾಯಿಸಿರಲಿಲ್ಲ, ಅಂಟಲು ಬಿಟ್ಟಿರಲಿಲ್ಲ.

ಈ ಸಲ ಫೋಟೋ ಕಳಿಸಲಿಲ್ಲ. ತೊಳೆಯುವಾಗ ಪಿಪೆಟ್ ಜೋರಾಗಿ ಒತ್ತಿದರೆ ಲೋಳೆ ಸುಮ್ನೆ ಕಿತ್ತು ಬರುತ್ತದೆ, ಕೆಲಸ ಮಾಡಿದ್ದು ಸೊಪ್ಪೋ ನನ್ನ ಹೆಬ್ಬೆರಳೋ ಗೊತ್ತಾಗಬೇಕಲ್ಲ. ಬೇರೆ ಬೇರೆ ದಿನ ಇನ್ನೆರಡು ಸಲ ಮಾಡಿದೆ. ಒಮ್ಮೆ ಹಾಗೇ ಬಂತು, ಇನ್ನೊಮ್ಮೆ ವ್ಯತ್ಯಾಸ ತೀರಾ ಕಮ್ಮಿ.

ಮನೆಗೆ ಹೋದಾಗ ನೇರಳೆ ಬೆರಳು ನೋಡಿ ಅಮ್ಮ, "ಯಾವ ಎಲೆಕ್ಷನ್ನೋ?" ಅಂದರು. ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ತಂಬುಳಿ ಮಾಡ್ಲಾ, ಬೇಡ್ವಾ?" ಅಂದರು.