ಅಜ್ಜಿಯ ತಾಳಿಯಲ್ಲಿರೋ ಶಿಲುಬೆ

ಹೋದ ತಿಂಗಳು ತುಮಕೂರಿನಲ್ಲಿ ಅಕ್ಕನ ಮಗಳ ಮದುವೆ ಆಯಿತು. ಅದಕ್ಕೆ ಮುಂಚೆ ತಾಳಿ ಕಟ್ಟಬೇಕಾ, ಉಂಗುರ ಸಾಕಾ ಅನ್ನೋ ಮಾತು ಬಂತು. "ತಾಳಿ ನಮ್ಮದಲ್ಲಮ್ಮ, ಕ್ರೈಸ್ತರಿಗೆ ಅದ್ಯಾಕೆ?" ಅಂದರು ಹುಡುಗನ ದೊಡ್ಡಪ್ಪ. ನಾನು ಬೀರು ತೆಗೆದು, ನಮ್ಮ ಅಜ್ಜಿಯ ತಾಳಿ ತಂದು ಅವರ ಅಂಗೈಯಲ್ಲಿಟ್ಟೆ.

ಪುಟ್ಟ ಚಿನ್ನದ ಬೊಟ್ಟು, ಎರಡೂ ಪಕ್ಕ ಕರಿಮಣಿ. ಬೊಟ್ಟಿನ ನಡುವೆ ಒಂದು ಶಿಲುಬೆ. ಐವತ್ತು ವರ್ಷ ಸೀರೆಗೆ ಉಜ್ಜಿ ಉಜ್ಜಿ ಅದರ ಅಂಚು ಸವೆದು ನುಣ್ಣಗಾಗಿದೆ. ಹಿಂಬದಿಯ ಸಂದಿನಲ್ಲಿ ಇನ್ನೂ ಅರಿಶಿನದ ಹಳದಿ ಕೂತಿದೆ.

ಈ ಶಿಲುಬೆಯ ಹಿಂದೆ ದೊಡ್ಡ ಜಗಳವೇ ಇದೆ. 1606ರಲ್ಲಿ ಮದುರೈಗೆ ಬಂದ ಇಟಲಿಯ ಪಾದ್ರಿ ರಾಬರ್ಟೊ ಡಿ ನೊಬಿಲಿ ಕಾವಿ ಉಟ್ಟರು, ಮಾಂಸ ಬಿಟ್ಟರು, ತಮಿಳು ಸಂಸ್ಕೃತ ಕಲಿತರು. ಯೇಸುವನ್ನು ನಂಬೋಕೆ ಪರಂಗಿಯವರ ಥರ ಬದುಕಬೇಕಿಲ್ಲ ಅನ್ನೋದು ಅವರ ಮಾತು. ಜೊತೆಯ ಪಾದ್ರಿಗಳೇ ದೂರು ಕೊಟ್ಟರು. 1623ರಲ್ಲಿ ಪೋಪ್ ನೊಬಿಲಿಯವರ ಕಡೆ ನಿಂತರು. ನಮ್ಮ ಕನ್ನಡ ನಾಡಿಗೆ ಅದೇ ದಾರಿ ಹಿಡಿದು ಬಂದವರು ಸಿನ್ನಾಮಿ ಅನ್ನೋ ಇನ್ನೊಬ್ಬ ಇಟಲಿಯ ಪಾದ್ರಿ. ಶ್ರೀರಂಗಪಟ್ಟಣದಲ್ಲಿ ಅವರೂ ಸನ್ಯಾಸಿಯ ಹಾಗೆ ಬದುಕಿದರು.

ಆದರೆ ಜಗಳ ನಿಲ್ಲಲಿಲ್ಲ. ಪೋಪರ ಪ್ರತಿನಿಧಿಯಾಗಿ ರೋಮಿನಿಂದ ಬಂದ ಟೂರ್ನೊನ್ 1704ರಲ್ಲಿ ಪುದುಚೇರಿಯಲ್ಲಿ ಕೂತು ಆಜ್ಞೆ ಹೊರಡಿಸಿದರು. ಗಣಪನ ರೂಪದ ತಾಳಿ ಬೇಡ, 108 ಎಳೆಯ ಅರಿಶಿನದ ದಾರ ಬೇಡ. ಶಿಲುಬೆಯೋ, ಯೇಸು ಮರಿಯಳ ರೂಪವೋ ಇದ್ದರೆ ಸರಿ. ಇಲ್ಲಿ ಎಂಟು ತಿಂಗಳು ಇದ್ದು, ಭಾಷೆಯೂ ಬಾರದೆ, ಹೆಂಗಸರ ಕೊರಳಿನ ದಾರದ ಎಳೆ ಎಣಿಸೋಕೆ ಹೋಗಿದ್ದು ನನಗೆ ಇವತ್ತಿಗೂ ನೋವಿನ ವಿಷಯ.

ಅದೇ ಆಜ್ಞೆಯಲ್ಲಿ ಇನ್ನೊಂದು ಮಾತಿತ್ತು. ಮುಟ್ಟಬಾರದವರು ಅಂತ ದೂರ ಇಟ್ಟಿದ್ದವರಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಪಾದ್ರಿಗಳು ಅವರ ಮನೆಯೊಳಗೇ ಹೋಗಬೇಕು. ಈ ಮಾತಿಗೆ ನಾನು ಪೂರ್ತಿ ಟೂರ್ನೊನ್ ಕಡೆ. ಊರಿನ ಉಡುಪು, ಊಟ, ಮಾತು ಎಲ್ಲ ತಗೊಳ್ಳಲಿ. ಆದರೆ ಊರಿನ ಜಾತಿಯನ್ನೂ ತಗೊಂಡರೆ ಅದು ಹೊಂದಿಕೊಳ್ಳೋದಲ್ಲ, ಸೋಲೋದು. ನೊಬಿಲಿ ಜಾತಿಯ ಅಂತರವನ್ನೂ ಪಾಲಿಸಿದರು. ಅವರನ್ನು ಎಷ್ಟು ಮೆಚ್ಚಿದರೂ ಈ ವಿಷಯದಲ್ಲಿ ಅವರನ್ನು ಒಪ್ಪೋಕೆ ನನ್ನಿಂದ ಆಗಲ್ಲ.

ಅಜ್ಜಿಯ ಕಾಲಕ್ಕೆ ಗುಡಿಯ ಪೂಜೆ ಲ್ಯಾಟಿನ್‌ನಲ್ಲೇ ನಡೆಯುತ್ತಿತ್ತು. ಕನ್ನಡದಲ್ಲಿ ಪೂಜೆ ಬಂದಿದ್ದು 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಸಭೆಯ ಮೇಲೆ. ಮದುವೆ ದಿನ ಪೂಜೆಯ ಒಂದಕ್ಷರವೂ ಅಜ್ಜಿಗೆ ತಿಳಿದಿರಲಿಲ್ಲವಂತೆ. ಕೊರಳಿಗೆ ತಾಳಿ ಬಿದ್ದಾಗಲೇ "ಓ, ಮದುವೆ ಆಯ್ತು" ಅನ್ನಿಸಿತು ಅಂತಿದ್ದರು.

ದೊಡ್ಡಪ್ಪ ತಾಳಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ದಾರ ಹೊಸದು ಹಾಕ್ಸಮ್ಮ, ಇದು ಹಳೇದಾಗಿದೆ" ಅಂದರು, ಅಷ್ಟೇ. ಅಕ್ಕಸಾಲಿಗೆ ಕೊಟ್ಟು ಪಾಲಿಶ್ ಮಾಡಿಸೋಣ ಅಂದೆ. ಹುಡುಗಿ ಬೇಡ ಅಂದಳು. ಫಾದರ್ ಆಶೀರ್ವಾದ ಮಾಡಿ ಹುಡುಗನ ಕೈಗೆ ಕೊಟ್ಟಾಗ, ಬೊಟ್ಟಿನ ಹಿಂದೆ ಅಜ್ಜಿಯ ಅರಿಶಿನ ಹಾಗೇ ಇತ್ತು.